ಪಾಠ ಯಾವ ಇಸವಿಯಿಂದ ಶುರುವಾಗುತ್ತದೆ?



ಸಿಬಿಎಸ್‌ಇ ಹನ್ನೆರಡನೇ ತರಗತಿ ಓದಿದ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಅವರ ಇಂಗ್ಲಿಷ್ ಪುಸ್ತಕವನ್ನು ನೀವೂ ತಿರುವಿ ಹಾಕಿರಬಹುದು. ಅದರಲ್ಲಿ 'ದಿ ಲಾಸ್ಟ್ ಲೆಸನ್' ಎಂಬ ಪಾಠವಿದೆ. ಫ್ರೆಂಚ್ ಕಥೆಗಾರ ಅಲ್ಫೋನ್ಸ್ ದೋದೆ 1870ರ ದಶಕದ ಆರಂಭದಲ್ಲಿ ಬರೆದ ಕಥೆ ಅದು. ಫ್ರಾಂಟ್ಸ್ ಎಂಬ ಹುಡುಗ ತಡವಾಗಿ ಶಾಲೆಗೆ ಬರುತ್ತಾನೆ. ತರಗತಿಯಲ್ಲಿ ಎಂದಿನ ಗಲಾಟೆ ಇಲ್ಲ. ಹಿಂದಿನ ಬೆಂಚುಗಳಲ್ಲಿ ಊರಿನ ಹಿರಿಯರು ಕುಳಿತಿದ್ದಾರೆ. ಹಮೆಲ್ ಮೇಷ್ಟ್ರು ವಿಶೇಷ ದಿನಗಳಲ್ಲಿ ಮಾತ್ರ ತೊಡುವ ಬಟ್ಟೆ ತೊಟ್ಟಿದ್ದಾರೆ. ನಾಳೆಯಿಂದ ಈ ಶಾಲೆಯಲ್ಲಿ ಜರ್ಮನ್ ಮಾತ್ರ ಕಲಿಸಬೇಕೆಂದು ಬರ್ಲಿನ್ನಿನಿಂದ ಆಜ್ಞೆ ಬಂದಿದೆ. ಇದು ಫ್ರೆಂಚಿನ ಕೊನೆಯ ಪಾಠ.

ಓದಿದವರ ಕಣ್ಣು ಒದ್ದೆಯಾಗುತ್ತದೆ. ಪರಭಾಷೆಯ ಆಳ್ವಿಕೆ ಕಂಡ ನಮ್ಮ ದೇಶದವರಿಗೆ ಆ ನೋವು ಬೇಗ ಅರ್ಥವಾಗುತ್ತದೆ. ಆದರೆ ಕಥೆ ಹೇಳದೆ ಬಿಟ್ಟ ಒಂದು ಮಾತಿದೆ. ಹುಡುಗನ ಹೆಸರು ಫ್ರಾಂಟ್ಸ್. ಹಿಂದಿನ ಬೆಂಚಿನ ಮುದುಕನ ಹೆಸರು ಹೌಸರ್. ಎರಡೂ ಜರ್ಮನ್ ಹೆಸರುಗಳು. ಕಥೆ ನಡೆಯುವ ಅಲ್ಸಾಸ್ ಪ್ರಾಂತ್ಯದಲ್ಲಿ ಬಹುಪಾಲು ಜನ ಮನೆಯಲ್ಲಿ ಆಡುತ್ತಿದ್ದದ್ದು ಜರ್ಮನ್ ಬಳಗಕ್ಕೆ ಸೇರಿದ ಒಂದು ಆಡುನುಡಿ. ಫ್ರೆಂಚ್ ಅವರಿಗೆ ಶಾಲೆಯ ಭಾಷೆ, ಸರ್ಕಾರಿ ಕಚೇರಿಯ ಭಾಷೆ, ಅನುಕೂಲಸ್ಥರ ಭಾಷೆ. ಹಾಗೆಂದು ಅವರು ಜರ್ಮನಿಯನ್ನು ಸೇರಲು ಬಯಸಿದ್ದರೇ? ಇಲ್ಲ, ಬಹುತೇಕರು ಬಯಸಿರಲಿಲ್ಲ. ಜರ್ಮನ್ ಬಗೆಯ ಮಾತಾಡುತ್ತ ಫ್ರಾನ್ಸಿನ ಪ್ರಜೆಗಳಾಗಿ ಬಾಳುವುದು ಅವರಿಗೆ ಸಹಜವಾಗಿತ್ತು. ಈ ಸಹಜ ಬದುಕು ಫ್ರಾನ್ಸಿನ ಪಾಠದಲ್ಲೂ ಹಿಡಿಸಲಿಲ್ಲ, ಜರ್ಮನಿಯ ಪಾಠದಲ್ಲೂ ಹಿಡಿಸಲಿಲ್ಲ. ಇವತ್ತು ನಾನು ನಿಮ್ಮ ಮುಂದಿಡಬೇಕೆಂದಿರುವುದು ಇದನ್ನೇ. ತಗಾದೆಯ ನೆಲದ ಬಗ್ಗೆ ಶಾಲೆಯಲ್ಲಿ ಕಲಿಸುವಾಗ ಆ ನೆಲದ ಮೇಲೆ ಮಕ್ಕಳಿಗೆ ಹಕ್ಕಿನ ಭಾವನೆ ಬರುತ್ತದೆ. ಆದರೆ ಅಲ್ಲಿ ವಾಸಿಸುವ ಮನುಷ್ಯರು ಪಾಠದಿಂದ ಮಾಯವಾಗುತ್ತಾರೆ.

ನಡೆದದ್ದನ್ನು ಚುಟುಕಾಗಿ ಹೇಳುತ್ತೇನೆ. 1870ರಲ್ಲಿ ಫ್ರಾನ್ಸ್ ಮತ್ತು ಜರ್ಮನ್ ರಾಜ್ಯವಾದ ಪ್ರಶ್ಯಗಳ ನಡುವೆ ಯುದ್ಧವಾಯಿತು, ಫ್ರಾನ್ಸ್ ಸೋತಿತು. 1871ರ ಮೇ ತಿಂಗಳ ಫ್ರಾಂಕ್‌ಫರ್ಟ್ ಒಪ್ಪಂದದಂತೆ ಬೆಲ್ಫೋರ್ ಪಟ್ಟಣದ ಸುತ್ತಲಿನ ತುಂಡೊಂದನ್ನು ಬಿಟ್ಟು ಇಡೀ ಅಲ್ಸಾಸ್, ಜೊತೆಗೆ ಲೊರೇನಿನ ಒಂದು ಭಾಗ, ಹೊಸದಾಗಿ ಹುಟ್ಟಿದ ಜರ್ಮನ್ ಸಾಮ್ರಾಜ್ಯಕ್ಕೆ ಸೇರಿದವು. ಸುಮಾರು ಹದಿನೈದು ಲಕ್ಷ ಜನ. ಫ್ರೆಂಚ್ ಪ್ರಜೆಗಳಾಗಿಯೇ ಉಳಿಯಬೇಕೆನ್ನುವವರು 1872ರ ಅಕ್ಟೋಬರ್ 1ರೊಳಗೆ ಅದನ್ನು ತಿಳಿಸಿ ಊರು ಬಿಡಬೇಕಿತ್ತು. ಉಳಿದವರನ್ನು ಯಾರೂ ಏನೂ ಕೇಳಲಿಲ್ಲ. 1874ರಲ್ಲಿ ಆ ಪ್ರಾಂತ್ಯದಿಂದ ಆಯ್ಕೆಯಾದ ಪ್ರತಿನಿಧಿಗಳು ಬರ್ಲಿನ್ನಿನ ಸಂಸತ್ತಿನಲ್ಲೇ ಎದ್ದು ನಿಂತು, ನಮ್ಮ ಜನರ ಅಭಿಪ್ರಾಯವನ್ನು ಈಗಲಾದರೂ ಕೇಳಿ ಎಂದರು. ಸಂಸತ್ತು ಒಪ್ಪಲಿಲ್ಲ.

ಈಗ ಎರಡು ತರಗತಿಗಳನ್ನು ಕಲ್ಪಿಸಿಕೊಳ್ಳಿ. ಜರ್ಮನಿಯ ತರಗತಿಯಲ್ಲಿ ಅಲ್ಸಾಸಿನ ಪಾಠ ಮಧ್ಯಯುಗದಿಂದ ಶುರು. ಪವಿತ್ರ ರೋಮನ್ ಸಾಮ್ರಾಜ್ಯದ ಕಾಲದಲ್ಲಿ ಸ್ಟ್ರಾಸ್‌ಬರ್ಗ್ ಜರ್ಮನ್ ಮಾತಿನ ಸ್ವತಂತ್ರ ನಗರ, 1681ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಸೈನ್ಯ ಕಳಿಸಿ ಅದನ್ನು ಕಿತ್ತುಕೊಂಡ, ಜರ್ಮನ್ ಕವಿ ಗಯಟೆ ತರುಣನಾಗಿ ಅಲ್ಲಿ ಓದಿ ಆ ನಗರದ ದೊಡ್ಡ ಚರ್ಚನ್ನು ಮನಸಾರೆ ಹೊಗಳಿ ಬರೆದ. ಆದ್ದರಿಂದ 1871ರಲ್ಲಿ ಆದದ್ದು ಮನೆಗೆ ಮರಳಿದ್ದು. ಫ್ರಾನ್ಸಿನ ತರಗತಿಯಲ್ಲಿ ಪಾಠದ ಜೀವಾಳ 1789ರ ಕ್ರಾಂತಿ. ಅಲ್ಸಾಸಿನ ಜನ ಕ್ರಾಂತಿಯಲ್ಲಿ ಭಾಗಿಗಳಾದರು. ಫ್ರಾನ್ಸಿನ ರಾಷ್ಟ್ರಗೀತೆಯಾದ 'ಮಾರ್ಸೆಯೇಸ್' ಹುಟ್ಟಿದ್ದೇ ಸ್ಟ್ರಾಸ್‌ಬರ್ಗ್‌ನಲ್ಲಿ, 1792ರಲ್ಲಿ. ಆದ್ದರಿಂದ 1871ರಲ್ಲಿ ಆದದ್ದು ಅಪಹರಣ. ಗಮನಿಸಿ, ಈ ಎರಡು ಪಾಠಗಳಲ್ಲಿ ಒಂದೇ ಒಂದು ಸಂಗತಿಯೂ ಸುಳ್ಳಲ್ಲ. ಸುಳ್ಳಿನ ಪಾಠ ಮಾತ್ರ ಅಪಾಯಕಾರಿ ಎಂದು ನಾವು ನಂಬಿಕೊಂಡಿರುತ್ತೇವೆ. ಹಾಗಲ್ಲ. ಯಾವ ಇಸವಿಯಿಂದ ಶುರು ಮಾಡಬೇಕು, ಯಾವ ಇಸವಿಯಲ್ಲಿ ನಿಲ್ಲಿಸಬೇಕು ಎಂಬ ಆಯ್ಕೆಯೊಂದೇ ಸಾಕು, ಮಗು ಯಾವ ಪಕ್ಷದಲ್ಲಿ ನಿಲ್ಲಬೇಕೆಂದು ತೀರ್ಮಾನವಾಗಿಬಿಡುತ್ತದೆ. ಸುಳ್ಳನ್ನಾದರೆ ಮುಂದೊಂದು ದಿನ ಯಾರಾದರೂ ತಿದ್ದಬಹುದು. ನಿಜಗಳನ್ನು ಹೀಗೆ ಪೋಣಿಸಿಟ್ಟರೆ ತಿದ್ದುವುದಕ್ಕೆ ಏನಿರುತ್ತದೆ?

ಇದರಲ್ಲಿ ದೊಡ್ಡ ದೊಡ್ಡ ಇತಿಹಾಸಕಾರರೂ ಸೇರಿಕೊಂಡರು. 1870ರಲ್ಲೇ ಜರ್ಮನಿಯ ಹೈನ್ರಿಖ್ ಫಾನ್ ಟ್ರೈಚ್ಕೆ ಬರೆದ ಲೇಖನದ ಸಾರ ಇದು: ಅಲ್ಸಾಸಿನವರಿಗೆ ತಮ್ಮ ನಿಜಸ್ವರೂಪ ಗೊತ್ತಿಲ್ಲ, ಅವರ ಇಚ್ಛೆಗೆ ವಿರುದ್ಧವಾಗಿಯಾದರೂ ಅದನ್ನು ನಾವು ಅವರಿಗೆ ಮರಳಿಸುತ್ತೇವೆ. ಅದೇ ವರ್ಷ ಫ್ರಾನ್ಸಿನ ಫ್ಯುಸ್ತೆಲ್ ದ ಕೂಲಾಂಜ್, ಜರ್ಮನಿಯ ಮಾಮ್ಸೆನ್ ಅವರಿಗೆ ಬಹಿರಂಗ ಉತ್ತರ ಬರೆದರು. ಭಾಷೆಯಾಗಲಿ ಕುಲವಾಗಲಿ ರಾಷ್ಟ್ರವನ್ನು ಕಟ್ಟುವುದಿಲ್ಲ, ಜನರ ಮನಸ್ಸು ಕಟ್ಟುತ್ತದೆ ಎಂಬುದು ಅವರ ವಾದ. ಉದಾತ್ತವಾದ ಮಾತು. ನನ್ನ ಒಲವೂ ಆ ಕಡೆಗೇ. ಫ್ರಾನ್ಸ್ ಆ ಮಾತಿಗೆ ಎಷ್ಟರ ಮಟ್ಟಿಗೆ ಬದ್ಧವಾಗಿತ್ತು ಎಂಬುದನ್ನು ಮುಂದೆ ನೋಡೋಣ.

ಸೋತ ಫ್ರಾನ್ಸಿನಲ್ಲಿ ಒಂದು ನಂಬಿಕೆ ಬಲವಾಗಿ ಹಬ್ಬಿತ್ತು. ಯುದ್ಧ ಗೆದ್ದದ್ದು ಪ್ರಶ್ಯದ ಸೈನಿಕನಲ್ಲ, ಪ್ರಶ್ಯದ ಶಾಲಾಮಾಸ್ತರ ಎಂಬ ನಂಬಿಕೆ. ಹಾಗಾದರೆ ನಮಗೂ ಅಂಥ ಶಾಲೆ ಬೇಕು. 1881 ಮತ್ತು 1882ರಲ್ಲಿ ಜೂಲ್ ಫೆರಿ ತಂದ ಕಾನೂನುಗಳಿಂದ ಪ್ರಾಥಮಿಕ ಶಿಕ್ಷಣ ಉಚಿತವಾಯಿತು, ಕಡ್ಡಾಯವಾಯಿತು. ಅದೊಂದು ಮಹಾಕಾರ್ಯ, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ 1882ರಲ್ಲೇ ಶಾಲಾ ದಳಗಳೂ ಬಂದವು. ಹುಡುಗರಿಗೆ ಸಮವಸ್ತ್ರ, ಕವಾಯತು, ಚಿಕ್ಕ ಬಂದೂಕು. ಸುಮಾರು ಹತ್ತು ವರ್ಷದ ಹೊತ್ತಿಗೆ ಆ ದಳಗಳು ಕರಗಿಹೋದವು. ಪಾಠ ಮಾತ್ರ ಉಳಿಯಿತು.

ಆ ಕಾಲದ ತರಗತಿ ಹೇಗಿತ್ತೆಂದು ತೋರಿಸುವ ಒಂದು ವರ್ಣಚಿತ್ರವಿದೆ. ಮೆಟ್ಸ್ ನಗರದಲ್ಲಿ ಹುಟ್ಟಿ, ಊರು ಜರ್ಮನಿಯ ಪಾಲಾದ ಮೇಲೆ ಫ್ರಾನ್ಸಿಗೆ ಬಂದ ಆಲ್ಬೆರ್ ಬೆತಾನಿಯೆ ಎಂಬ ಕಲಾವಿದ 1887ರಲ್ಲಿ ಬರೆದದ್ದು. ಹೆಸರು 'ಕಪ್ಪು ಕಲೆ'. ಗೋಡೆಯ ಮೇಲೆ ಫ್ರಾನ್ಸಿನ ದೊಡ್ಡ ಭೂಪಟ. ಮೇಷ್ಟ್ರು ಕೋಲಿನಿಂದ ಅದರ ಪೂರ್ವದ ಅಂಚನ್ನು ತೋರಿಸುತ್ತಿದ್ದಾರೆ. ಅಲ್ಲಿ ಕಳೆದುಹೋದ ಪ್ರಾಂತ್ಯಗಳಿಗೆ ಕಪ್ಪು ಬಣ್ಣ ಬಳಿದಿದೆ. ಸಮವಸ್ತ್ರದ ಹುಡುಗನೊಬ್ಬ ಎದ್ದು ನಿಂತು ದಿಟ್ಟಿಸುತ್ತಿದ್ದಾನೆ. ಈ ಚಿತ್ರ ಈಗ ಇರುವುದು ಬರ್ಲಿನ್ನಿನ ಜರ್ಮನ್ ಇತಿಹಾಸ ಸಂಗ್ರಹಾಲಯದಲ್ಲಿ.

ನನಗೆ ಈ ಚಿತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಆ ಭೂಪಟ. ಎಂಟು ವರ್ಷದ ಮಗುವಿಗೆ ಒಪ್ಪಂದದ ಕಲಮುಗಳು ತಿಳಿಯುವುದಿಲ್ಲ, ಯುದ್ಧ ಯಾರಿಂದ ಶುರುವಾಯಿತೆಂಬ ವಾದವೂ ತಿಳಿಯುವುದಿಲ್ಲ. ಆದರೆ ಭೂಪಟದ ಆಕಾರ ಕಣ್ಣಿಗೆ ಬೀಳುತ್ತದೆ. ದಿನವೂ ನೋಡಿದ ಆಕಾರ ಮೈಯ ಅಂಗದಂತಾಗುತ್ತದೆ. ಅದರಲ್ಲೊಂದು ಮೂಲೆ ಕಪ್ಪಾಗಿದ್ದರೆ ಅದು ಗಾಯ. ಗಾಯದ ಬಗ್ಗೆ ಯಾರೂ ಚರ್ಚೆ ಮಾಡುವುದಿಲ್ಲ, ವಾಸಿಯಾಗಬೇಕು ಅನ್ನುತ್ತಾರೆ ಅಷ್ಟೆ. ಇದರ ಮೇಲೆ ಮೇಷ್ಟ್ರ ಮಾತಿನ ತೂಕ, ಬಾಯಿಪಾಠ, ಪರೀಕ್ಷೆ. ಪರೀಕ್ಷೆಯಲ್ಲಿ ಒಂದೇ ಸರಿಯುತ್ತರ. ಇನ್ನೊಂದು ಕಡೆಯವರು ಏನೆನ್ನುತ್ತಾರೆ ಎಂಬ ಪ್ರಶ್ನೆ ಪತ್ರಿಕೆಯಲ್ಲಿ ಬರುವುದೇ ಇಲ್ಲ. ದೇಶದ ಎಲ್ಲ ಊರುಗಳ ಮಕ್ಕಳೂ ಹೆಚ್ಚುಕಡಿಮೆ ಒಂದೇ ಪಾಠ ಕಲಿಯುತ್ತಾರೆ. ಇಪ್ಪತ್ತು ವರ್ಷಗಳ ನಂತರ ಅವರೇ ಮತದಾರರು, ಪತ್ರಿಕೆಯ ಓದುಗರು, ಶಾಸಕರು. ತಮ್ಮ ಅಭಿಪ್ರಾಯ ಎಲ್ಲಿಂದ ಬಂತೆಂದು ಅವರನ್ನು ಕೇಳಿದರೆ ಇದು ಅಭಿಪ್ರಾಯವಲ್ಲ, ಎಲ್ಲರಿಗೂ ಗೊತ್ತಿರುವ ವಿಷಯ ಎಂದುಬಿಡುತ್ತಾರೆ.

ಪುಸ್ತಕಗಳೂ ಇದ್ದವು. 1877ರಲ್ಲಿ ಪ್ರಕಟವಾದ ಶಾಲಾ ವಾಚಕವೊಂದರಲ್ಲಿ ಲೊರೇನಿನ ಫಾಲ್ಸ್‌ಬೂರ್ ಎಂಬ ಊರಿನಿಂದ ಇಬ್ಬರು ಅನಾಥ ಅಣ್ಣತಮ್ಮಂದಿರು ಹೊರಟು, ಗಡಿ ದಾಟಿ ಇಡೀ ಫ್ರಾನ್ಸ್ ಸುತ್ತುತ್ತಾರೆ. ಅಗುಸ್ತಿನ್ ಫೂಯೆ ಎಂಬ ಮಹಿಳೆ ಜಿ. ಬ್ರೂನೊ ಎಂಬ ಹೆಸರಿನಲ್ಲಿ ಬರೆದ ಈ ಪುಸ್ತಕದ ಮೂವತ್ತು ಲಕ್ಷ ಪ್ರತಿಗಳು ಹತ್ತೇ ವರ್ಷದಲ್ಲಿ ಮಾರಾಟವಾದವು. ಅದರಲ್ಲಿ ಜರ್ಮನರ ಮೇಲೆ ದ್ವೇಷ ಕಾರುವ ಮಾತುಗಳಿಲ್ಲ. ಕೈಗಸುಬು, ಬೆಳೆ, ಊರೂರಿನ ಮಹನೀಯರ ವಿವರಗಳೇ ಹೆಚ್ಚು. ಆದರೂ ಪುಟ್ಟ ಓದುಗರ ಮನಸ್ಸಿನಲ್ಲಿ ಒಂದು ಎಣಿಕೆ ಕೂತುಬಿಡುತ್ತದೆ: ಒಳ್ಳೆಯ ಮಕ್ಕಳಾದವರು ಆ ಊರು ಬಿಟ್ಟು ಫ್ರಾನ್ಸಿಗೆ ಬರುತ್ತಾರೆ. ಹಾಗಾದರೆ ಅಲ್ಲೇ ಉಳಿದ ಮಕ್ಕಳು? ಅವರ ಕಥೆ ಈ ಪುಸ್ತಕದಲ್ಲಿಲ್ಲ. ಜರ್ಮನಿಯ ಶಾಲೆಗಳಲ್ಲಿ ಪ್ರತಿ ಸೆಪ್ಟೆಂಬರ್ 2ರಂದು, 1870ರ ಯುದ್ಧದ ಸೆಡಾನ್ ವಿಜಯದ ದಿನ ಆಚರಿಸುತ್ತಿದ್ದರು. ಅಲ್ಲಿಯೂ ಈ ಮಕ್ಕಳ ಮಾತು ಬರುತ್ತಿರಲಿಲ್ಲ.

ಹಾಗಾದರೆ 1914ರ ಮಹಾಯುದ್ಧಕ್ಕೆ ಈ ಪಾಠಗಳೇ ಕಾರಣವೇ? ಹೌದೆಂದು ಸುಲಭವಾಗಿ ಹೇಳಿಬಿಡುವವರಿದ್ದಾರೆ. ಜಾನ್ ಜಾಕ್ ಬೆಕೆರ್ ಎಂಬ ಫ್ರೆಂಚ್ ಇತಿಹಾಸಕಾರರು 1977ರಲ್ಲಿ ಪ್ರಕಟಿಸಿದ ಅಧ್ಯಯನ ಆ ಮಾತನ್ನು ತಡೆಯುತ್ತದೆ. ಯುದ್ಧ ಶುರುವಾದಾಗ ಊರಿನ ಜನರ ಮನಸ್ಥಿತಿ ಹೇಗಿತ್ತೆಂದು ಶಾಲಾಮಾಸ್ತರರು ಬರೆದಿಟ್ಟ ಟಿಪ್ಪಣಿಗಳನ್ನು ಅವರು ಹುಡುಕಿ ಓದಿದರು. ಅವುಗಳಲ್ಲಿ ಅಚ್ಚರಿ ಇದೆ, ದುಃಖವಿದೆ, ನಮ್ಮ ಮೇಲೆ ದಾಳಿಯಾಗಿದೆ ಎಂಬ ಭಾವನೆಯಿದೆ, ಬೆಳೆ ಕಟಾವಿನ ಚಿಂತೆಯಿದೆ. ಅಲ್ಸಾಸಿಗಾಗಿ ಸೇಡು ತೀರಿಸಿಕೊಳ್ಳುವ ಮಾತು ಬಹಳ ಅಪರೂಪ. ಅಂದರೆ ಶಾಲೆಯ ಪಾಠ ಜನರನ್ನು ಯುದ್ಧಕ್ಕೆ ನೂಕಲಿಲ್ಲ. ಅದರ ಕೆಲಸವೇ ಬೇರೆ ಎಂದು ನನಗನ್ನಿಸುತ್ತದೆ. ಯುದ್ಧ ಬಂದ ಮೇಲೆ ಆ ನೆಲದ ಭವಿಷ್ಯವನ್ನು ಮಾತುಕತೆಗೆ ಮೀರಿದ್ದನ್ನಾಗಿ ಮಾಡಿದ್ದು ಪಾಠ. ಸರ್ಕಾರ ರಾಜಿಗೆ ಹೊರಟಿದ್ದರೂ ಅದನ್ನು ಒಪ್ಪುವ ಮನಸ್ಸು ಜನರಲ್ಲಿ ತಯಾರಾಗಿರಲಿಲ್ಲ.

1918ರ ನವೆಂಬರಿನಲ್ಲಿ ಫ್ರೆಂಚ್ ಸೈನ್ಯ ಸ್ಟ್ರಾಸ್‌ಬರ್ಗ್ ಪ್ರವೇಶಿಸಿದಾಗ ಬೀದಿ ತುಂಬ ಸಂಭ್ರಮ. ಜನಮತ ಕೇಳಬೇಕೆಂಬ ಸಲಹೆ ಬಂದಿತ್ತು. ಡಿಸೆಂಬರಿನಲ್ಲಿ ಅಲ್ಲಿಗೆ ಬಂದ ಫ್ರಾನ್ಸಿನ ಅಧ್ಯಕ್ಷ ಪ್ವಾಂಕರೆ ಆ ಸಂಭ್ರಮವನ್ನು ನೋಡಿ, ಜನಮತ ಆಗಿಹೋಯಿತು ಎಂದರು. ಜನರ ಮನಸ್ಸೇ ರಾಷ್ಟ್ರವನ್ನು ಕಟ್ಟುತ್ತದೆ ಎಂದ ದೇಶವೂ ಮತಪೆಟ್ಟಿಗೆ ಇಡಲಿಲ್ಲ. ಕೇಳಿದ್ದರೆ ಫ್ರಾನ್ಸೇ ಗೆಲ್ಲುತ್ತಿತ್ತೋ ಏನೋ. ಆದರೂ ಕೇಳಲಿಲ್ಲ. ಆಮೇಲೆ ನಿವಾಸಿಗಳಿಗೆಲ್ಲ ನಾಲ್ಕು ಬಗೆಯ ಗುರುತುಚೀಟಿ ಹಂಚಿದರು. ಅಪ್ಪ ಅಮ್ಮ ಇಬ್ಬರೂ 1870ಕ್ಕೆ ಮೊದಲಿನ ಫ್ರೆಂಚ್ ಮೂಲದವರಾದರೆ 'ಎ', ಒಬ್ಬರೇ ಆದರೆ 'ಬಿ', ಮಿತ್ರದೇಶ ಅಥವಾ ತಟಸ್ಥ ದೇಶದವರಾದರೆ 'ಸಿ', ಜರ್ಮನರಾದರೆ 'ಡಿ'. ಹಳೆಯ ಹಣ ಬದಲಾಯಿಸುವ ದರವೂ ಚೀಟಿ ನೋಡಿ ಬೇರೆ ಬೇರೆ. ಒಂದು ಲಕ್ಷಕ್ಕೂ ಹೆಚ್ಚು ಜರ್ಮನರು ಪ್ರಾಂತ್ಯ ಬಿಡಬೇಕಾಯಿತು. ಅವರಲ್ಲಿ ಅಲ್ಲಿಯೇ ಹುಟ್ಟಿ ಬೆಳೆದವರೂ ಇದ್ದರು. ಶಾಲೆಗಳಲ್ಲಿ ಮೊದಲ ದಿನದಿಂದಲೇ ಫ್ರೆಂಚಿನಲ್ಲಿ ಪಾಠ. ಮನೆಮಾತು ಬಿಟ್ಟು ಬೇರೇನೂ ತಿಳಿಯದ ಆರು ವರ್ಷದ ಮಕ್ಕಳಿಗೆ ಮತ್ತೊಂದು ಸುತ್ತಿನ 'ಕೊನೆಯ ಪಾಠ' ಅದು. ಅದರ ಬಗ್ಗೆ ಯಾವ ದೋದೆಯೂ ಕಥೆ ಬರೆಯಲಿಲ್ಲ.

1940ರಲ್ಲಿ ಹಿಟ್ಲರನ ಆಡಳಿತ ಬಂತು, ಫ್ರೆಂಚ್ ನಿಷೇಧವಾಯಿತು. 1942ರಿಂದ ಅಲ್ಸಾಸ್ ಮತ್ತು ಲೊರೇನಿನ ಮೊಸೆಲ್ ಪ್ರದೇಶದ ಸುಮಾರು 1,30,000 ಯುವಕರನ್ನು ಬಲವಂತವಾಗಿ ಜರ್ಮನ್ ಸೇನೆಗೆ ಸೇರಿಸಿದರು. 1944ರ ಜೂನ್‌ನಲ್ಲಿ ಒರಾದೂರ್ ಎಂಬ ಫ್ರೆಂಚ್ ಹಳ್ಳಿಯಲ್ಲಿ ನಾಜಿಗಳ ಎಸ್‌ಎಸ್ ಪಡೆ ಆರುನೂರಕ್ಕೂ ಹೆಚ್ಚು ಜನರನ್ನು ಕೊಂದಿತು. 1953ರಲ್ಲಿ ವಿಚಾರಣೆ ನಡೆದಾಗ ಆರೋಪಿಗಳ ಸಾಲಿನಲ್ಲಿ ಅಲ್ಸಾಸಿನವರೂ ಇದ್ದರು. ಹೆಚ್ಚಿನವರು ಬಲವಂತದ ಭರ್ತಿಯವರು. ಅವರಿಗೆ ಶಿಕ್ಷೆಯಾದಾಗ ಅಲ್ಸಾಸ್ ಸಿಡಿದೆದ್ದಿತು. ಸಂಸತ್ತು ಕ್ಷಮಾದಾನ ಕೊಟ್ಟಾಗ ಒರಾದೂರ್ ಸಿಡಿದೆದ್ದಿತು. ಎರಡು ಕಡೆಯ ನೋವೂ ನಿಜ. ಫ್ರೆಂಚ್ ಹುಡುಗನೊಬ್ಬ ಜರ್ಮನ್ ಸಮವಸ್ತ್ರದಲ್ಲಿ ಇರುವುದು ಹೇಗೆ ಸಾಧ್ಯವಾಯಿತು ಎಂದು ತಿಳಿಯಲು ಬೇಕಾದ ಇತಿಹಾಸವನ್ನು ಉಳಿದ ಫ್ರಾನ್ಸಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ. ಮೂರು ತಲೆಮಾರು 'ಅಲ್ಸಾಸ್ ನಮ್ಮದು' ಎಂದು ಕಲಿತಿತ್ತು. ಅಲ್ಸಾಸಿನವರು ಯಾರು ಎಂದು ಕಲಿತಿರಲಿಲ್ಲ.

ಪಾಠವನ್ನು ತಿದ್ದಬೇಕೆಂಬ ಪ್ರಯತ್ನ ಅಷ್ಟರೊಳಗೆ ಶುರುವಾಗಿತ್ತು. ಫ್ರಾನ್ಸಿನ ಪ್ರಾಥಮಿಕ ಶಿಕ್ಷಕರ ಸಂಘ 1920ರ ದಶಕದಲ್ಲೇ ದ್ವೇಷ ಕಲಿಸುವ ಪುಸ್ತಕಗಳ ವಿರುದ್ಧ ಚಳವಳಿ ನಡೆಸಿತ್ತು. 1935ರಲ್ಲಿ ಎರಡೂ ದೇಶಗಳ ಇತಿಹಾಸಕಾರರು ಕೂಡಿ ಕುಳಿತು ವಿವಾದದ ವಿಷಯಗಳ ಪಟ್ಟಿ ಮಾಡಿದರು. ನಾಜಿ ಆಡಳಿತದಲ್ಲಿ ಅದು ತರಗತಿ ತಲುಪಲಿಲ್ಲ. 1951ರಲ್ಲಿ ಮತ್ತೆ ಕುಳಿತರು. ಬ್ರೌನ್‌ಷ್ವೈಗ್ ನಗರದ ಗಿಯೋರ್ಗ್ ಎಕರ್ಟ್ ಎಂಬ ಇತಿಹಾಸಕಾರರು ಇದಕ್ಕಾಗಿಯೇ ಒಂದು ಸಂಸ್ಥೆ ಕಟ್ಟಿದರು. ಅದು ಇಂದಿಗೂ ಅವರ ಹೆಸರಿನಲ್ಲಿ ಇದೆ, ಹಲವು ದೇಶಗಳ ಪಠ್ಯಪುಸ್ತಕಗಳನ್ನು ಒಟ್ಟಿಗಿಟ್ಟು ಓದುತ್ತದೆ. ಅಲ್ಲಿನ ವಿಧಾನ ಸರಳವಾದದ್ದು, ಆದರೆ ತಾಳ್ಮೆ ಬೇಡುತ್ತದೆ. ನಮ್ಮ ಪುಸ್ತಕ ನೀವು ಓದಿ, ನಿಮ್ಮ ಪುಸ್ತಕ ನಾವು ಓದುತ್ತೇವೆ, ಒಪ್ಪದ ಕಡೆ ಗುರುತು ಹಾಕೋಣ. ಒಮ್ಮತ ಬಾರದಿದ್ದರೆ, ಇಲ್ಲಿ ಒಮ್ಮತವಿಲ್ಲ ಎಂಬುದನ್ನೇ ಮಕ್ಕಳಿಗೆ ತಿಳಿಸೋಣ.

2003ರಲ್ಲಿ ಎರಡೂ ದೇಶಗಳ ವಿದ್ಯಾರ್ಥಿಗಳ ಯುವ ಸಂಸತ್ತು ಬರ್ಲಿನ್ನಿನಲ್ಲಿ ಸೇರಿತ್ತು. ನಮಗೆ ಒಂದೇ ಇತಿಹಾಸ ಪುಸ್ತಕ ಕೊಡಿ ಎಂದು ಕೇಳಿದ್ದು ಆ ಮಕ್ಕಳು. 2006ರಲ್ಲಿ ಮೊದಲ ಸಂಪುಟ ಬಂತು, 2008ರಲ್ಲಿ ಎರಡನೆಯದು, 2011ರಲ್ಲಿ ಮೂರನೆಯದು. ಫ್ರೆಂಚಿನಲ್ಲೂ ಜರ್ಮನಿನಲ್ಲೂ ಅದೇ ಪಾಠ, ಅದೇ ಚಿತ್ರ, ಅದೇ ಭೂಪಟ. ಹೆಚ್ಚು ಶಾಲೆಗಳು ಅದನ್ನು ಬಳಸಲಿಲ್ಲ ಎಂಬುದನ್ನೂ ಹೇಳಬೇಕು. ಫ್ರಾನ್ಸಿಗೆಲ್ಲ ಒಂದೇ ಪಠ್ಯಕ್ರಮ, ಜರ್ಮನಿಯಲ್ಲಿ ಹದಿನಾರು ರಾಜ್ಯಗಳಿಗೆ ತಮ್ಮದೇ ಪಠ್ಯಕ್ರಮ. ಹೊಂದಿಸುವುದು ಕಷ್ಟವಾಯಿತು. ಆದರೂ ಜಂಟಿ ಪುಸ್ತಕದ ಈ ದಾರಿಯನ್ನು ಬೇರೆಯವರೂ ಹಿಡಿದರು. ಎರಡನೇ ಮಹಾಯುದ್ಧದ ನಂತರ ಗಡಿ ಸರಿದು, ಊರಿಗೆ ಊರೇ ಜನ ಬದಲಾದ ಜರ್ಮನಿ ಮತ್ತು ಪೋಲೆಂಡ್ ತಮ್ಮ ಜಂಟಿ ಪಠ್ಯಪುಸ್ತಕ ಆಯೋಗವನ್ನು 1972ರಲ್ಲೇ ಆರಂಭಿಸಿದ್ದವು. ಅವರ ಜಂಟಿ ಇತಿಹಾಸ ಪುಸ್ತಕದ ಮೊದಲ ಸಂಪುಟ ಮಕ್ಕಳ ಕೈಗೆ ಬಂದದ್ದು 2016ರಲ್ಲಿ, ನಾಲ್ಕನೆಯದೂ ಕೊನೆಯದೂ ಆದ ಸಂಪುಟ 2020ರಲ್ಲಿ.