ದಣಿವಿಗೆ ವಿದ್ಯಾರ್ಥಿಯೊಬ್ಬನೇ ಹೊಣೆಯೇ?



ನಾವು ಇಂದು ಬರ್ನ್‌ಔಟ್ ಎನ್ನುವ ದಣಿವಿನ ಸ್ಥಿತಿಯನ್ನು ಮೊದಲು ವಿವರಿಸಿದವರಲ್ಲಿ ಒಬ್ಬರು ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್. 1974ರಲ್ಲಿ ಅವರು ಬರೆದದ್ದು ಉಚಿತ ಚಿಕಿತ್ಸಾಲಯಗಳಲ್ಲಿ ಹಗಲಿರುಳು ದುಡಿದು ಬಸವಳಿದವರ ಬಗ್ಗೆ. 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಅದನ್ನು ಅಳೆಯುವ ಮಾಪಕ ಕೊಟ್ಟರು. ವಿದ್ಯಾರ್ಥಿಗಳಿಗೆ ಹೊಂದಿಸಿದ ಮಾಪಕ ಬಂದದ್ದು ಆಮೇಲೆ. ಅದು ನೋಡುವುದು ಮೂರು ಅಂಶಗಳನ್ನು. ಅವು ನಮ್ಮ ಹಾಸ್ಟೆಲುಗಳಲ್ಲಿ ದಿನವೂ ಕೇಳುವ ಮಾತುಗಳೇ: "ಸಾಕಾಗಿ ಹೋಗಿದೆ", "ಓದಿ ಏನಾಗಬೇಕಿದೆ", "ನನ್ನ ಕೈಲಿ ಆಗಲ್ಲ".

ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟನ್ನು ಕಾಯಿಲೆ ಎಂದು ಕರೆದಿಲ್ಲ. ದುಡಿಯುವ ಜಾಗದಲ್ಲಿ ಬಹುಕಾಲ ಹತೋಟಿಗೆ ಬಾರದೆ ಉಳಿದ ಒತ್ತಡದ ಫಲ ಎಂದಿದೆ. ವಿದ್ಯಾರ್ಥಿ ದುಡಿಯುವ ಜಾಗ ಯಾವುದು? ನಮ್ಮ ತರಗತಿ, ನಮ್ಮ ಪ್ರಯೋಗಾಲಯ, ನಮ್ಮ ಪರೀಕ್ಷಾ ವಿಭಾಗ. ಹಾಗಿದ್ದೂ ಹುಡುಗರು ಸೋತಾಗ ನಾವು ಮಾಡುವುದೇನು? ಭಾವನಾತ್ಮಕ ಬುದ್ಧಿಮತ್ತೆಯ ಮೇಲೆ ಅರ್ಧ ದಿನದ ಕಾರ್ಯಾಗಾರ ನಡೆಸಿ, ಪ್ರಮಾಣಪತ್ರ ಕೊಟ್ಟು ಕಳಿಸುತ್ತೇವೆ. ಇದು ಅನ್ಯಾಯ ಎಂದೇ ನಾನು ಭಾವಿಸುತ್ತೇನೆ.

ಒಂದು ಸಾಮಾನ್ಯ ದಿನವನ್ನು ನೆನೆಯಿರಿ. ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟ ಹುಡುಗಿ ಪ್ರಾಕ್ಟಿಕಲ್ ಮುಗಿಸಿ, ರೆಕಾರ್ಡ್ ಪುಸ್ತಕ ಎದೆಗವಚಿಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಾಳೆ. ಬೇಕಾದದ್ದು ಒಂದು ಸಹಿ. ಒಳಗಿನಿಂದ "ನಾಳೆ ಬಾಮ್ಮ" ಎಂಬ ದನಿ. ಇಂಟರ್ನಲ್ ಅಂಕಗಳು ನಮ್ಮ ಕೈಯಲ್ಲಿವೆ, ಹಾಗಾಗಿ ಅವಳು ಎದುರು ಮಾತಾಡುವುದಿಲ್ಲ. ಕೊನೆಯ ಬಸ್ಸೂ ತಪ್ಪುತ್ತದೆ. ಹಿಂದಿನ ಸೆಮಿಸ್ಟರಿನ ಫಲಿತಾಂಶ ಬಂದಿಲ್ಲ, ಸ್ಕಾಲರ್‌ಶಿಪ್ ಇನ್ನೂ ಜಮೆಯಾಗಿಲ್ಲ. ಕಾರ್ಯಾಗಾರದಲ್ಲಿ ಕಲಿಸಿದ ಉಸಿರಾಟದ ಅಭ್ಯಾಸ ಅವಳಿಗೆ ಒಂದಿಷ್ಟು ನೆಮ್ಮದಿ ಕೊಟ್ಟೀತು, ಬೇಡ ಎನ್ನುವುದಿಲ್ಲ. ಆ ಸಹಿ ಅಂದೇ ಸಿಕ್ಕಿದ್ದರೆ ಅದಕ್ಕಿಂತ ಹೆಚ್ಚಿನದು ಸಿಗುತ್ತಿತ್ತು.

1990ರಲ್ಲಿ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಭಾವನಾತ್ಮಕ ಬುದ್ಧಿಮತ್ತೆಯನ್ನು ನಿರೂಪಿಸಿದಾಗ, ತನ್ನ ಭಾವನೆಗಳ ಜತೆಗೆ ಇತರರ ಭಾವನೆಗಳನ್ನೂ ಅರಿಯುವ ಶಕ್ತಿ ಎಂದರು. ಆ ಎರಡನೆಯ ಭಾಗ ಅಧ್ಯಾಪಕರಿಗೆ, ಮುಖ್ಯವಾಗಿ ಪಿಎಚ್.ಡಿ. ಮಾರ್ಗದರ್ಶಕರಿಗೆ, ಮೊದಲು ಅನ್ವಯಿಸಬೇಕು. ಮೇಲಿನವರ ಮುಖ ನೋಡಿಯೇ ಮನಸ್ಸು ಓದಬೇಕಾದ ವಿದ್ಯಾರ್ಥಿಗೆ ಅದರ ಪಾಠ ನಿತ್ಯವೂ ಆಗುತ್ತಲೇ ಇದೆ.

ಭಾವನಾತ್ಮಕ ಬುದ್ಧಿಮತ್ತೆ, ದಣಿವು, ಜೀವನ ತೃಪ್ತಿ ಇವುಗಳ ನಂಟಿನ ಮೇಲೆ ಪ್ರಬಂಧ ಮಂಡಿಸುವವರಲ್ಲಿ ಒಂದು ವಿನಂತಿ. ಎಡ್ ಡೀನರ್ ಮತ್ತು ಸಂಗಡಿಗರ 1985ರ ಜೀವನ ತೃಪ್ತಿ ಮಾಪಕದಲ್ಲಿ ಇರುವುದು ಐದೇ ಹೇಳಿಕೆಗಳು. ತುಂಬಿಸುವುದು ಸುಲಭ, ಸಹಸಂಬಂಧ ಲೆಕ್ಕ ಹಾಕುವುದೂ ಸುಲಭ. ಆದರೆ ಭಾವನೆಗಳನ್ನು ನಿಭಾಯಿಸಲು ಬಾರದ್ದಕ್ಕೆ ದಣಿದರೋ, ದಣಿದದ್ದಕ್ಕೆ ನಿಭಾಯಿಸಲಾಗಲಿಲ್ಲವೋ ಎಂಬುದನ್ನು ಒಂದೇ ಬಾರಿ ತುಂಬಿಸಿದ ಪ್ರಶ್ನಾವಳಿ ಹೇಳಲಾರದು. ಅದೇ ವಿದ್ಯಾರ್ಥಿಗಳ ಬಳಿ ಸೆಮಿಸ್ಟರಿನ ಮೊದಲಲ್ಲೂ ಕೊನೆಯಲ್ಲೂ ಹೋಗಿ. ಪ್ರಯಾಣದ ಗಂಟೆ, ಸಂಜೆಯ ಕೆಲಸ, ಸಾಲ, ನಿದ್ದೆ ಇವುಗಳನ್ನೂ ಕೇಳಿ.

ಆಡಳಿತದವರಲ್ಲಿಯೂ ಒಂದು ಕೋರಿಕೆ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416, 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಮುಖ ಕೇಂದ್ರ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಹಾಲ್‌ಟಿಕೆಟ್ ಮೇಲೆ ಮುದ್ರಿಸಿ, ಫಲಿತಾಂಶದ ದಿನಾಂಕವನ್ನು ಮೊದಲೇ ಪ್ರಕಟಿಸಿ ಅದನ್ನು ಪಾಲಿಸಿ. ಇವೆರಡಕ್ಕೂ ಹೊಸ ಸಂಶೋಧನೆ ಬೇಕಿಲ್ಲ, ಈ ಸೆಮಿಸ್ಟರಿನಿಂದಲೇ ಶುರು ಮಾಡಬಹುದು.