ಸೊಳ್ಳೆಯ ವರ್ಣತಂತುಗಳಲ್ಲಿ ಕಿಣ್ವಗಳ ನೆಲೆ

ಈಡಿಸ್, ಕ್ಯೂಲೆಕ್ಸ್, ಅನಾಫಿಲಿಸ್ ಸೊಳ್ಳೆಗಳ ಜೀವಕೋಶದಲ್ಲಿ ಇರುವುದು ಮೂರೇ ಜೊತೆ ವರ್ಣತಂತುಗಳು. ತಂದೆತಾಯಿಗಳ ಗುಣಗಳನ್ನು ಸಂತತಿಗೆ ದಾಟಿಸುವ ಸಾವಿರಾರು ಜೀನುಗಳು ಇವುಗಳಲ್ಲೇ ಸಾಲಾಗಿ ನೆಲೆಸಿರುವುದರಿಂದ, ಯಾವ ಜೀನು ಎಲ್ಲಿದೆಯೆಂದು ಗುರುತಿಸುವ ಕೆಲಸಕ್ಕೆ ಸೊಳ್ಳೆ ಅನುಕೂಲವಾದ ಜೀವಿಯೆನಿಸಿತು. ಆದರೆ ಆರಂಭದ ನಕ್ಷೆಗಳು ಬಹುಮಟ್ಟಿಗೆ ಕಣ್ಣಿನ ಬಣ್ಣ, ಮೈಬಣ್ಣಗಳಂತಹ ಹೊರಗೆ ಕಾಣುವ ವ್ಯತ್ಯಾಸಗಳನ್ನೇ ಅವಲಂಬಿಸಿದ್ದುದರಿಂದ ವಿರಳವಾಗಿಯೇ ಉಳಿದವು.

ಈ ಕೊರತೆಯನ್ನು ನೀಗಿದವು ಕಿಣ್ವಗಳು, ಅಂದರೆ ದೇಹದ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳು. 1955ರಲ್ಲಿ ಆಲಿವರ್ ಸ್ಮಿಥೀಸ್ ಎಂಬ ವಿಜ್ಞಾನಿ ಪಿಷ್ಟದ ಜೆಲ್‌ನಲ್ಲಿ ವಿದ್ಯುತ್ ಹರಿಸಿ ಪ್ರೋಟೀನುಗಳನ್ನು ಬೇರ್ಪಡಿಸುವ ವಿಧಾನವನ್ನು ರೂಪಿಸಿದರು. 1957ರಲ್ಲಿ ಹಂಟರ್ ಮತ್ತು ಮಾರ್ಕರ್ಟ್ ಎಂಬ ಸಂಶೋಧಕರು ಆ ಜೆಲ್‌ಗೆ ಬಣ್ಣ ಕೊಟ್ಟು, ಬೇಕಾದ ಕಿಣ್ವವಷ್ಟೇ ಪಟ್ಟೆಯಾಗಿ ಮೂಡುವಂತೆ ಮಾಡಿದರು. ಒಂದೇ ಸೊಳ್ಳೆಯನ್ನು ಅರೆದು ಪರೀಕ್ಷಿಸಿದರೂ ಅದರ ಕಿಣ್ವ ವೇಗವಾಗಿ ಸರಿಯುವ ಬಗೆಯದೋ ನಿಧಾನದ ಬಗೆಯದೋ ತಿಳಿಯುತ್ತಿತ್ತು. ಕಿಣ್ವದ ಬಗೆಯನ್ನು ನಿರ್ಧರಿಸುವುದು ಜೀನೇ ಆದ್ದರಿಂದ, ಎರಡು ಬಗೆಯ ಸೊಳ್ಳೆಗಳನ್ನು ಕೂಡಿಸಿ, ಸಂತತಿಯಲ್ಲಿ ಯಾವ ಗುಣಗಳು ಜೊತೆಯಾಗಿ ಸಾಗುತ್ತವೆ, ಯಾವುವು ಬೇರ್ಪಡುತ್ತವೆ ಎಂದು ಎಣಿಸಿದರೆ ಜೀನುಗಳ ನಡುವಿನ ಅಂತರ ದೊರೆಯುತ್ತದೆ: ಹೆಚ್ಚು ಬೇರ್ಪಟ್ಟಷ್ಟೂ ಅಂತರ ಹೆಚ್ಚು. ಅಮೆರಿಕದ ನೊಟ್ರೆ ಡಾಮ್ ವಿಶ್ವವಿದ್ಯಾಲಯದ ಜಾರ್ಜ್ ಕ್ರೇಗ್ ತಮ್ಮ ಸಹೋದ್ಯೋಗಿಗಳೊಂದಿಗೆ ಈಡಿಸ್ ಈಜಿಪ್ಟೈ ಸೊಳ್ಳೆಯ ನಕ್ಷೆಯನ್ನು ಬೆಳೆಸುತ್ತ ಬಂದರು; ಲೆನರ್ಡ್ ಮನ್‌ಸ್ಟರ್‌ಮನ್ ಅವರೊಡನೆ 1979ರಲ್ಲಿ ಅದರ ಪರಿಷ್ಕೃತ ರೂಪವನ್ನು ಪ್ರಕಟಿಸಿದರು.

ಇಂತಹ ನಕ್ಷೆಯ ನಿಜವಾದ ಬೆಲೆ ಗೊತ್ತಾದದ್ದು ಕೀಟನಾಶಕಗಳ ವಿಷಯದಲ್ಲಿ. ಆರ್ಗನೊಫಾಸ್ಫೇಟ್ ಮತ್ತು ಕಾರ್ಬಮೇಟ್ ಕೀಟನಾಶಕಗಳು ನರಸಂದೇಶವನ್ನು ತಕ್ಕ ಹೊತ್ತಿನಲ್ಲಿ ನಿಲ್ಲಿಸುವ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆದು ಸೊಳ್ಳೆಯನ್ನು ಕೊಲ್ಲುತ್ತವೆ, ಆದರೆ ಕೆಲವು ನಿರೋಧಕ ಸೊಳ್ಳೆಗಳಲ್ಲಿ ಈ ಕಿಣ್ವವೇ ವಿಷಕ್ಕೆ ಬಗ್ಗುವುದಿಲ್ಲ. ಹಣ್ಣುನೊಣದಲ್ಲಿ ಈ ಕಿಣ್ವಕ್ಕೆ ಒಂದೇ ಜೀನು ಇದ್ದುದರಿಂದ ಸೊಳ್ಳೆಯಲ್ಲಿಯೂ ಹಾಗೆಯೇ ಇರಬೇಕೆಂಬ ಊಹೆ ಸಹಜವಾಗಿತ್ತು. ಅದನ್ನು ಹೋಲುವ ಜೀನು ಕ್ಯೂಲೆಕ್ಸ್ ಪಿಪಿಯೆನ್ಸ್ ಸೊಳ್ಳೆಯಲ್ಲಿ ಸಿಕ್ಕಿತಾದರೂ ಅದು ಲಿಂಗವನ್ನು ನಿರ್ಧರಿಸುವ ನೆಲೆಯೊಂದಿಗೆ ಸಾಗುತ್ತಿತ್ತು. ನಿರೋಧಕ ಗುಣ ಹಾಗೆ ಸಾಗುತ್ತಿರಲಿಲ್ಲ. 1998ರಲ್ಲಿ ಪ್ರಕಟವಾದ ಈ ಫಲಿತಾಂಶ, ಸಿಕ್ಕ ಜೀನು ನಿರೋಧಕತೆಗೆ ಕಾರಣವಲ್ಲವೆಂದು ತೋರಿಸಿತು. ಜೀನಿನ ರಚನೆಯೊಂದನ್ನೇ ನೋಡಿದ್ದರೆ ಈ ತಪ್ಪು ಊಹೆ ಇನ್ನೂ ಬಹುಕಾಲ ಉಳಿಯುತ್ತಿತ್ತೇನೋ. ಅದನ್ನು ಬಯಲು ಮಾಡಿದ್ದು ಜೀನು ಇರುವ ಸ್ಥಳ.

2002ರಲ್ಲಿ ಅನಾಫಿಲಿಸ್ ಗ್ಯಾಂಬಿಯೆ ಸೊಳ್ಳೆಯ ಜೀನೋಮ್ (ಒಟ್ಟು ಡಿಎನ್‌ಎಯ ಅನುಕ್ರಮ) ಪ್ರಕಟವಾದಾಗ ಅದೇ ಕಿಣ್ವದ ಎರಡನೆಯ ಜೀನು ಕಂಡುಬಂತು. ಮರುವರ್ಷ ಫ್ರಾನ್ಸಿನ ಮಾಂಟ್‌ಪೆಲಿಯೆಯ ಸಂಶೋಧಕರು, ಈ ಜೀನು ರೂಪಿಸುವ ಕಿಣ್ವದಲ್ಲಿ 119ನೆಯ ಸ್ಥಾನದ ಗ್ಲೈಸಿನ್ ಎಂಬ ಅಮೈನೋ ಆಮ್ಲದ ಜಾಗಕ್ಕೆ ಸೆರೀನ್ ಬಂದರೆ ಕಿಣ್ವ ವಿಷಕ್ಕೆ ಜಗ್ಗದಾಗುತ್ತದೆಂದು ತೋರಿಸಿದರು. ಕ್ಯೂಲೆಕ್ಸ್ ಪಿಪಿಯೆನ್ಸ್ ಮತ್ತು ಅನಾಫಿಲಿಸ್ ಗ್ಯಾಂಬಿಯೆ ಎರಡರಲ್ಲಿಯೂ ಕಂಡದ್ದು ಇದೇ ಒಂದು ಬದಲಾವಣೆ. ಅದನ್ನು ಈಗ ಒಂದೊಂದು ಸೊಳ್ಳೆಯಲ್ಲಿಯೂ ಡಿಎನ್‌ಎ ಪರೀಕ್ಷೆಯಿಂದ ಗುರುತಿಸಬಹುದು.