ಹಸಿವಿಗೆ ವಿಳಾಸ ಕೇಳಬೇಡಿ



ಕೋವಿಡ್ ಮಹಾಮಾರಿಯ ಕಾಲದ ಆಹಾರ ನೆರವನ್ನು ಕುರಿತ ಈ ವಿಚಾರ ಸಂಕಿರಣದ ಆಶಯ ಒಂದೇ ಪ್ರಶ್ನೆಯಲ್ಲಿದೆ: ಗೋದಾಮು ತುಂಬಿದ್ದಾಗಲೂ ಜನ ಹಸಿದದ್ದು ಏಕೆ?

2020ರ ಮಾರ್ಚ್ 25ರಂದು ಲಾಕ್‌ಡೌನ್ ಜಾರಿಯಾದಾಗ ದೇಶದಲ್ಲಿ ಧಾನ್ಯದ ಕೊರತೆ ಇರಲಿಲ್ಲ. ಇರಲೇಬೇಕಾದ ಕಾಪು ದಾಸ್ತಾನಿನ ಎರಡು ಪಟ್ಟಿಗೂ ಮಿಗಿಲಾದ ಅಕ್ಕಿ, ಗೋಧಿ ಸರ್ಕಾರದ ಕೈಯಲ್ಲಿತ್ತು. ಮರುದಿನವೇ ಪ್ರಧಾನಮಂತ್ರಿ ಗರೀಬ್ ಕಲ್ಯಾಣ ಅನ್ನ ಯೋಜನೆ ಪ್ರಕಟವಾಯಿತು. ಸುಮಾರು 80 ಕೋಟಿ ಜನರಿಗೆ ತಿಂಗಳಿಗೆ ತಲಾ 5 ಕೆ.ಜಿ. ಧಾನ್ಯ, ಕುಟುಂಬಕ್ಕೆ 1 ಕೆ.ಜಿ. ಬೇಳೆ ಉಚಿತ. ಹಳ್ಳಿಗಾಡಿನಲ್ಲೂ ನ್ಯಾಯಬೆಲೆ ಅಂಗಡಿಗಳ ಜಾಲ ಇದ್ದುದರಿಂದಲೇ ಇದು ಸಾಧ್ಯವಾಯಿತು. ಆ ಸಾಧನೆಯನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಆ 80 ಕೋಟಿ ಜನ ಮೊದಲೇ ಪಟ್ಟಿಯಲ್ಲಿದ್ದವರು. 2013ರ ಆಹಾರ ಭದ್ರತಾ ಕಾಯ್ದೆಯ ಫಲಾನುಭವಿಗಳ ಮಿತಿ 2011ರ ಜನಗಣತಿಗೆ ಕಟ್ಟುಬಿದ್ದಿದೆ. ಆಮೇಲೆ ಹುಟ್ಟಿದವರು, ಬೇರೆ ಸಂಸಾರ ಹೂಡಿದವರು, ದುಡಿಮೆಗಾಗಿ ಊರು ಬಿಟ್ಟವರು ಎಷ್ಟೋ ಮಂದಿ ಪಟ್ಟಿಯ ಹೊರಗುಳಿದರು. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಗೆ ಆಗ ಸೇರಿದ್ದುದು ಕರ್ನಾಟಕವೂ ಸೇರಿ 12 ರಾಜ್ಯಗಳು ಮಾತ್ರ. ಬೆಂಗಳೂರಿನ ಕಟ್ಟಡಗಳನ್ನು ಕಟ್ಟುವ ಬಿಹಾರ, ಒಡಿಶಾ, ಪಶ್ಚಿಮ ಬಂಗಾಳದ ಕೂಲಿಗಳಿಗೆ ಅದರ ಪ್ರಯೋಜನವಿರಲಿಲ್ಲ. ಕಾರ್ಡಿಲ್ಲದ ವಲಸಿಗರಿಗೆಂದು ಧಾನ್ಯ ಪ್ರಕಟವಾದದ್ದು ಮೇ ತಿಂಗಳಲ್ಲಿ. ಅಷ್ಟರಲ್ಲಿ ಬಹಳ ಜನ ಊರಿನ ದಾರಿ ಹಿಡಿದಿದ್ದರು. ಅಂಥವರು 8 ಕೋಟಿ ಎಂದು ಅಂದಾಜಿಸಿದ್ದರೂ ಧಾನ್ಯ ತಲುಪಿದ್ದು ಅದರ ಅರ್ಧಕ್ಕೂ ಕಡಿಮೆ ಮಂದಿಯನ್ನು.

ಏನು ಕೊಡಬೇಕೆಂಬುದೂ ಅಷ್ಟೇ ಮುಖ್ಯ. ಶೆಡ್ಡಿನಲ್ಲಿ ಒಲೆಯೇ ಇಲ್ಲದವನಿಗೆ ಅಕ್ಕಿ ಕೊಟ್ಟರೆ ಹೊಟ್ಟೆ ತುಂಬುವುದಿಲ್ಲ, ಅವನಿಗೆ ಬೇಕಾದುದು ಬಿಸಿ ಊಟ. ಒಲೆ ಇದ್ದವರಿಗೂ ಎಣ್ಣೆ, ಉಪ್ಪು, ಖಾರದ ಪುಡಿ ಬೇಕು. ಧಾನ್ಯವೂ ರೂಢಿಗೆ ತಕ್ಕಂತಿರಬೇಕು: ಕಲಬುರಗಿಯವರಿಗೆ ಜೋಳ, ಮಂಡ್ಯದವರಿಗೆ ರಾಗಿ ರೂಢಿಯ ಆಹಾರ. ಶಾಲೆ ಮುಚ್ಚಿದಾಗ ಅಕ್ಷರ ದಾಸೋಹ ಬಿಸಿಯೂಟ ಯೋಜನೆಯ ಧಾನ್ಯ ಮನೆಗೆ ಹೋಯಿತು, ನಿಜ. ಆದರೆ ಶಾಲೆಯಲ್ಲಿ ಮಗುವಿನದೇ ಆಗಿದ್ದ ಊಟ ಮನೆಯಲ್ಲಿ ಎಲ್ಲರ ಪಾಲಾಗುತ್ತದೆ. ಇದನ್ನು ಈ ಸಂಕಿರಣದ ಪೌಷ್ಟಿಕಾಂಶದ ಗೋಷ್ಠಿ ಚರ್ಚಿಸಬೇಕು. ದಿನಸಿ ಕಿಟ್ ಹಿಡಿದು ಫೋಟೊಗೆ ನಿಲ್ಲುವ ಮುಜುಗರವನ್ನು ಬಡವರ ಮೇಲೆ ಹೇರಬಹುದೇ ಎಂಬುದನ್ನೂ ಇಲ್ಲಿರುವ ಸ್ವಯಂಸೇವಾ ಸಂಸ್ಥೆಗಳು ಕೇಳಿಕೊಳ್ಳಬೇಕು.

ದಾರಿ ಇಲ್ಲದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಲೈಂಗಿಕ ಕಾರ್ಯಕರ್ತೆಯರಿಗೆ ಗುರುತಿನ ಪುರಾವೆಗೆ ಒತ್ತಾಯಿಸದೆ ಪಡಿತರ ಕೊಡಿ ಎಂದಿತು. 2021ರ ಜೂನ್ 29ರ ತೀರ್ಪಿನಲ್ಲಿ ವಲಸೆ ಕಾರ್ಮಿಕರಿಗೆ ಪಡಿತರವನ್ನೂ ಸಮುದಾಯ ಅಡುಗೆಮನೆಗಳನ್ನೂ ಒದಗಿಸಲು ರಾಜ್ಯಗಳಿಗೆ ಆದೇಶಿಸಿತು. ಆಪತ್ಕಾಲದಲ್ಲಿ ಮೊದಲು ಊಟ, ಆಮೇಲೆ ದಾಖಲೆ ಎಂಬ ತತ್ವ ಇವುಗಳಲ್ಲಿದೆ. ಅದು ನ್ಯಾಯಾಲಯದ ಕಟಕಟೆಗೆ ಹೋಗಿ ಪಡೆಯಬೇಕಾದ ರಿಯಾಯಿತಿ ಆಗಬಾರದು; ಪ್ರತಿ ಜಿಲ್ಲೆಯ ವಿಪತ್ತು ನಿರ್ವಹಣಾ ಯೋಜನೆಯಲ್ಲಿ ಮೊದಲೇ ಬರೆದಿಟ್ಟ ನಿಯಮವಾಗಬೇಕು.

ಈ ಸಂಕಿರಣ ಮುಗಿಯುವ ಹೊತ್ತಿಗೆ ಅಂಥ ನಿಯಮದ ಕರಡೊಂದನ್ನು ಸಿದ್ಧಪಡಿಸಿ ಸರ್ಕಾರದ ಮುಂದಿಡೋಣ ಎಂದು ವಿನಂತಿಸುತ್ತೇನೆ.